ಮುರಿಯಲೆಂದೇ ಮಾಡಿದ ಪಿನ್ನು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ನನ್ನ ದುಡಿಮೆಯ ಕಾಲವೆಲ್ಲ ಈ ನಾಲ್ಕು ತಾಲೂಕುಗಳಲ್ಲೇ ಕಳೆಯಿತು. ಎಂಜಿನ್ ಮಿಸ್ತ್ರಿ ಮಲ್ಲೇಶಪ್ಪ ಎಂದರೆ ಯಾರಾದರೂ ಮನೆ ತೋರಿಸುತ್ತಿದ್ದರು. ಹಿಟ್ಟಿನ ಗಿರಣಿ, ಹತ್ತಿಯ ಜಿನ್ನು, ಬಾವಿಯ ಪಂಪು, ಹೀಗೆ ಎಣ್ಣೆ ಕುಡಿದು ಹೊಗೆ ಬಿಡುವ ಯಾವ ಯಂತ್ರ ಕೆಟ್ಟರೂ ನನ್ನ ಬಾಗಿಲಿಗೆ ಒಂದು ಚಕ್ಕಡಿ ಬಂದು ನಿಲ್ಲುತ್ತಿತ್ತು. ಈಗ ಕಣ್ಣು ಮಂಜಾಗಿದೆ, ಆದರೆ ಕಿವಿ ಚೆನ್ನಾಗಿದೆ. ದಾರಿಯಲ್ಲಿ ಹೋಗುವ ಎಂಜಿನ್ನಿನ ಸದ್ದು ಕೇಳಿ ಅದರ ಹೊಟ್ಟೆಯಲ್ಲಿ ಏನು ನೋವಿದೆ ಎಂದು ಇಂದಿಗೂ ಹೇಳಬಲ್ಲೆ.

ಈ ಕಸಬಿಗೆ ಹೊಸದಾಗಿ ಇಳಿಯುವವರು ಆಗಾಗ ಬಂದು ಕೂರುತ್ತಾರೆ. ಗಿರಣಿಯ ಕಥೆ ಹೇಳುತ್ತೇನೆಂದು ಅವರು ಕಾಯುತ್ತಾರೆ. ನನಗೆ ಈ ಕಸಬಿನ ತಿರುಳು ತಿಳಿಸಿದ್ದು ಗಿರಣಿಯಲ್ಲ, ಒಂದು ದೋಣಿ. ಎರೆಹೊಲದ ನಾಡಿಗೆ ದೋಣಿ ಎಲ್ಲಿಂದ ಬಂತೆಂದು ನಗಬೇಡಿ. ಬಂದಿತ್ತು, ಅದೂ ಮೋಟಾರು ಸಮೇತ.

ಹಾನಗಲ್ಲ ಸೀಮೆಯ ಒಂದು ದೊಡ್ಡ ಕೆರೆಯ ಮೇಲೆ ನೀರಾವರಿ ಖಾತೆಯ ಒಬ್ಬ ಇಂಗ್ಲಿಷ್ ಸಾಹೇಬನಿಗೆ ಮನಸ್ಸಾಯಿತು. ಇದು ಮೂವತ್ತರ ದಶಕದ ಮಾತು. ಆತ ಮುಂಬೈಯಿಂದ ಒಂದು ಸಣ್ಣ ಹಾಯಿದೋಣಿಯನ್ನು ರೈಲಿನಲ್ಲಿ ಹಾವೇರಿಗೆ ತರಿಸಿ, ಅಲ್ಲಿಂದ ಚಕ್ಕಡಿಯ ಮೇಲೆ ಕೆರೆಗೆ ಸಾಗಿಸಿದ. ಗಾಳಿ ಇದ್ದಾಗ ಹಾಯಿ ಬಿಡುತ್ತಿದ್ದ. ಗಾಳಿ ಸತ್ತಾಗ ದೋಣಿಯ ಹಿಂಬದಿಗೆ ತಗುಲಿಸಿದ ಮೋಟಾರು ಓಡಿಸುತ್ತಿದ್ದ. ಮೇಲೆ ಎಂಜಿನ್ನು, ನಡುವೆ ಉದ್ದನೆಯ ಕಾಲು, ಕೆಳಗೆ ನೀರಿನಲ್ಲಿ ತಿರುಗುವ ಪಂಖಾ. ಜನ ಅದಕ್ಕೆ ಬಾಲದ ಮೋಟಾರು ಎಂದೇ ಹೆಸರಿಟ್ಟರು. ಸಾಹೇಬನಿಗೆ ವರ್ಗವಾದಾಗ ದೋಣಿ ಇಲ್ಲೇ ಉಳಿಯಿತು. ಕೆರೆಯ ಆಚೆ ದಂಡೆಯ ತೂಬಿಗೆ ಹೋಗಲು ಏರಿಯ ಮೇಲೆ ದಾರಿಯಿರಲಿಲ್ಲ, ಗುಡ್ಡ ಅಡ್ಡವಾಗಿತ್ತು. ಹೀಗಾಗಿ ಖಾತೆಯವರು ತೂಬು ನೋಡಿಬರಲು ಅದೇ ದೋಣಿಯನ್ನು ಇಟ್ಟುಕೊಂಡರು.

ಅದನ್ನು ನಡೆಸುತ್ತಿದ್ದವನು ಸವಣೂರಿನ ಹಸನಸಾಬ. ಮೊದಲು ಸಾಹೇಬನ ಡೇರೆ ಹೊಡೆಯುವ ಕೆಲಸದಲ್ಲಿದ್ದವನು. ಸಾಹೇಬ ಅವನಿಗೆ ಹಾಯಿ ಏರಿಸುವುದನ್ನು, ಚುಕ್ಕಾಣಿ ಹಿಡಿಯುವುದನ್ನು ಕಲಿಸಿದ್ದ. ಮೋಟಾರನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಸಾಹೇಬ ಹೋದಮೇಲೆ ಅದೂ ಇವನ ತಲೆಗೆ ಬಂತು, ಇವನ ತಲೆಯಿಂದ ನನ್ನ ತಲೆಗೆ.

ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಬಿಡಿಭಾಗಕ್ಕೆಂದು ಮುಂಬೈಗೆ ಬರೆದರೆ, ಯುದ್ಧ ಮುಗಿಯುವತನಕ ಕೇಳಬೇಡಿ ಎಂದು ಉತ್ತರ. ಈಗಿನವರು ಹಳೆಯದನ್ನು ಬಿಚ್ಚಿ ಎಸೆದು ಹೊಸದನ್ನು ಕೂರಿಸುತ್ತಾರೆ, ಅದನ್ನೇ ರಿಪೇರಿ ಎನ್ನುತ್ತಾರೆ. ನಮಗೆ ಎಸೆಯುವ ಭಾಗ್ಯ ಇರಲಿಲ್ಲ. ಹೋದ ಭಾಗಕ್ಕೆ ಬದಲಿಯನ್ನು ಈ ನಾಲ್ಕು ತಾಲೂಕಿನಲ್ಲೇ ಹುಡುಕಬೇಕಾಗಿತ್ತು.

ಮೊದಲು ಕೆಟ್ಟದ್ದು ಕಾರ್ಬರೇಟರು. ಅದರೊಳಗೆ ಒಂದು ಬೆಂಡಿನ ತುಂಡು ಪೆಟ್ರೋಲಿನಲ್ಲಿ ತೇಲುತ್ತ, ಬಟ್ಟಲು ತುಂಬಿದೊಡನೆ ಮೇಲೆದ್ದು ದಾರಿ ಮುಚ್ಚಬೇಕು. ನಮ್ಮ ಬೆಂಡು ವರ್ಷಗಟ್ಟಲೆ ಪೆಟ್ರೋಲು ಕುಡಿದು ಭಾರವಾಗಿ ತಳ ಹಿಡಿದಿತ್ತು. ಪೆಟ್ರೋಲು ಉಕ್ಕಿ ಹರಿಯುತ್ತಿತ್ತು. ಅದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಸವಣೂರಿಗೆ ಒಯ್ದೆ. ಅಲ್ಲಿ ತೊಟ್ಟಿಲುಗಳಿಗೆ ಅರಗಿನ ಹೊಳಪು ಹಚ್ಚುವ ಒಬ್ಬ ಮುದುಕನಿದ್ದ. ಅಂಗೈಯಲ್ಲಿ ಬೆಂಡನ್ನಿಟ್ಟು ತೋರಿಸಿದೆ.

"ಇಷ್ಟು ಸಣ್ಣ ತೊಟ್ಟಲಾ! ಯಾರ ಕೂಸಿಗೆ ಭಾಯಿ?" ಎಂದ.

"ಸರಕಾರದ ಕೂಸರಿ ಚಾಚಾ. ಪೆಟ್ರೋಲ್ ಕುಡೀತೈತಿ, ಕುಡಿಲಾರದಂಗ ಮಾಡಿಕೊಡ್ರಿ."

ಮುದುಕ ನಗುತ್ತ ಪದರಿನ ಮೇಲೆ ಪದರು ಹಚ್ಚಿಕೊಟ್ಟ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಪೆಟ್ರೋಲಿಗೆ ಜಗ್ಗುವುದಿಲ್ಲ. ಆ ಬೆಂಡು ಮತ್ತೆ ನನ್ನನ್ನು ಕರೆಯಲಿಲ್ಲ.

ಮೋಟಾರಿಗೆ ನೀರು ಸೇದುವ ಪಂಪಿನ ವಾಷರು ಹರಿದಾಗ ಶಿಗ್ಗಾಂವಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಕೋಣದ ತೊಗಲು ಕತ್ತರಿಸಿಕೊಂಡು ಬಂದೆ. ಕೆರೆಯ ನೀರು ಆ ಪಂಪಿನಿಂದ ಏರಿ ಎಂಜಿನ್ನನ್ನು ತಣ್ಣಗಿಡಬೇಕು. ತೊಗಲನ್ನು ಎಣ್ಣೆಯಲ್ಲಿ ನೆನೆಹಾಕಿ ಬಟ್ಟಲಿನಾಕಾರಕ್ಕೆ ತಿದ್ದಿ ಕೂರಿಸಿದರೆ ಒಂದು ವರ್ಷ ಯೋಚನೆಯಿಲ್ಲ. ಪ್ರತಿಸಲ ಕೆರೆಯಿಂದ ಬಂದಮೇಲೆ ಪಂಪಿನ ಬಾಯಿಯ ಪಾಚಿ ತೆಗೆಯಬೇಕು, ಅಷ್ಟೇ.

ಎಣ್ಣೆಯದು ಇನ್ನೊಂದು ಪಾಡು. ಈ ಮೋಟಾರಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಡಬ್ಬಿ ಎಣ್ಣೆ ಸಿಗದಾದಾಗ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನ ಗಾಣದಿಂದ ಶುದ್ಧ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತಂದು ಬೆರೆಸಿದೆ. ಮೋಟಾರು ಒಪ್ಪಿಕೊಂಡು ಓಡಿತು. ಕೆರೆಯ ಮೇಲೆಲ್ಲ ಘಾಟು.

"ಮಿಸ್ತ್ರಿ, ಇದು ದೋಣಿನೋ ಬಾಣಂತಿ ಕ್ವಾಣಿನೋ?" ಎಂದು ಹಸನಸಾಬ ಮೂಗು ಮುಚ್ಚಿಕೊಂಡ.

"ಮೂಗ ಮುಚ್ಚಿಕೊ, ಆದ್ರ ಕ್ಯಾನ್ ಅಲ್ಲಾಡ್ಸೂದು ಮಾತ್ರ ಮರೀಬ್ಯಾಡ," ಎಂದೆ. ಔಡಲೆಣ್ಣೆ ಪೆಟ್ರೋಲಿನ ಜೊತೆ ಬಹಳ ಹೊತ್ತು ಕೂಡಿ ಇರುವುದಿಲ್ಲ, ತಳಕ್ಕೆ ಇಳಿಯುತ್ತದೆ. ಒಂದು ದಿನ ಹಸನಸಾಬ ಅಲ್ಲಾಡಿಸದೆ ಸುರಿದ. ಅಂದು ದೋಣಿಯಲ್ಲಿ ಓವರ್‌ಸಿಯರ್ ರಾಯರಿದ್ದರು. ಕೆರೆಯ ನಡುವೆ ಪ್ಲಗ್ಗು ಎಣ್ಣೆ ಕಟ್ಟಿಕೊಂಡು ಮೋಟಾರು ನಿಂತಿತು. ಗಾಳಿಯೂ ಎದುರು. ಹಾಯಿ ಬಿಚ್ಚಿ ಆ ದಂಡೆಗೊಮ್ಮೆ ಈ ದಂಡೆಗೊಮ್ಮೆ ಓರೆಯಾಗಿ ತೇಲಿಸಿಕೊಂಡು ಬರುವಷ್ಟರಲ್ಲಿ ರಾಯರ ಊಟದ ಹೊತ್ತು ಮೀರಿತ್ತು.

ರಾಯರು ಧಾರವಾಡದವರು. ಕೆಟ್ಟವರಲ್ಲ. ಆದರೆ ರೇಶನ್ ಪೆಟ್ರೋಲಿಗೆ ಮೇಲಿನವರಿಗೆ ಜವಾಬು ಕೊಡಬೇಕಾದವರು ಅವರು. ದಂಡೆಗೆ ಇಳಿದವರೇ ನನಗೆ ಹೇಳಿಕಳಿಸಿದರು.

"ಏನು ಮಿಸ್ತ್ರಿ, ಈ ಪೀಡಾ ನನ್ನ ಕೊರಳಿಗೆ ಎಷ್ಟು ದಿನ ಕಟ್ಟವರಿದ್ದೀರಿ? ಬ್ಯಾಸಿಗಿ ಮುಗಿಯೂದ್ರಾಗ ದೊಡ್ಡ ಎಂಜಿನಿಯರ್ ಸಾಹೇಬ್ರು ತಪಾಸಣಿಗೆ ಬರ್ತಾರ. ಅವರನ್ನ ಆಚೀ ತೂಬಿಗೆ ಒಯ್ದು ಸರಳ ವಾಪಸ್ ತಂದ್ರ ದೋಣಿ ಉಳೀತು. ನಡುವ ಕೈ ಕೊಡ್ತೋ, ಲಿಲಾವಿಗೆ ನಾನ ಬರೀತೇನಿ. ದೋಣಿ ಹೋದಮ್ಯಾಲೆ ಅದನ್ನ ನಡಸವ್ನ ಜಾಗಾನೂ ಇರೂದಿಲ್ಲ, ಈಗ ಹೇಳೇನಿ."

ಅವರು ಹೋದಮೇಲೆ ಹಸನಸಾಬ ದೋಣಿಯ ಅಂಚಿನ ಮೇಲೆ ಕುಳಿತು ಬೀಡಿ ಹಚ್ಚಿದ. "ಈ ವಯಸ್ಸಿನ್ಯಾಗ ಮುಂಬೈಗೆ ಹೋಗಿ ಬಂದರದ ಗೋದ್ಯಾಗ ಮೂಟಿ ಹೊರ್ಲೇನು ಮಿಸ್ತ್ರಿ? ಮನ್ಯಾಗ ಆಕಿಗೆ ಇನ್ನೂ ಹೇಳಿಲ್ಲ. ಹೇಳಿದ್ರ ಅನ್ನ ಬಿಡ್ತಾಳ."

"ಹೇಳಬ್ಯಾಡ. ಮೋಟಾರು ಹೋಗತೈತಿ, ಬರತೈತಿ. ನಾ ಅದೇನಿ," ಎಂದೆ. ದೊಡ್ಡ ಮಾತಾಡುವುದು ನನ್ನ ಸ್ವಭಾವ. ಆಡಿದಮೇಲೆ ಅದಕ್ಕೆ ತಕ್ಕಂತೆ ಕೈ ಓಡುತ್ತದೆ ಎಂಬುದು ನನ್ನ ಅನುಭವ.

ಅಲ್ಲಿಂದ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಪ್ಲಗ್ಗು ತೊಳೆದಿಟ್ಟೆ, ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಬಿಚ್ಚಿ ಒಲೆಯ ಪಕ್ಕದ ಬಿಸಿ ಮರಳಿನಲ್ಲಿಟ್ಟು ತೇವ ತೆಗೆದೆ. ತಪಾಸಣೆಗೆ ಕೆಲವೇ ದಿನ ಉಳಿದಿದ್ದಾಗ ಹಸನಸಾಬ ಓಡುತ್ತ ಬಂದ. ಮುಖ ಬೂದಿಯಾಗಿತ್ತು.

"ಮಿಸ್ತ್ರಿ, ಮೋಟಾರು ಒದರ್ತೈತಿ, ಪಂಖಾ ತಿರುಗವಲ್ದು. ಒಳಗ ಕಟ್ ಅಂದಂಗಾತು."

ಮೋಟಾರಿನ ಕಾಲಿನ ತುದಿಯ ಡಬ್ಬಿ ಬಿಚ್ಚಿ ನೋಡಿದೆ. ಎಂಜಿನ್ನಿನ ತಿರುಗುವಿಕೆಯನ್ನು ಪಂಖಕ್ಕೆ ದಾಟಿಸುವ ಹಲ್ಲಿನ ಚಕ್ರದಲ್ಲಿ ಎರಡು ಹಲ್ಲು ಮುರಿದು ಗ್ರೀಸಿನಲ್ಲಿ ಬಿದ್ದಿದ್ದವು. ಆದರೆ ಪಂಖವನ್ನು ಅಚ್ಚಿಗೆ ಹಿಡಿದಿಡುವ ಬೆರಳುದ್ದದ ಪಿನ್ನು ಮಾತ್ರ ಇದ್ದ ಹಾಗೇ ಇತ್ತು. ಅರದ ಉಕ್ಕಿನ ಪಿನ್ನು, ಹದ ಹಾಕಿದ್ದು, ಕನ್ನಡಿಯಂತೆ ಹೊಳೆಯುತ್ತಿತ್ತು.

"ಈ ಪಿನ್ನು ಎಲ್ಲೀದು?"

"ಮೊದಲಿಂದು ಹಿತ್ತಾಳಿದಿತ್ತು. ಕಲ್ಲಿಗೆ ಬಡದು ಮುರೀತು. ಡಬ್ಬ್ಯಾಗೂ ಮುಗದಿದ್ದುವು. ಆಡೂರಿನ ಮಾನಪ್ಪ ಕಾಕಾನ ಕಡೆ ಹೋಗಿ, ಜನ್ಮದಾಗ ಮುರೀಲಾರದಂಥಾದ್ದು ಮಾಡಿಕೊಡ್ರಿ ಅಂದೆ."

ಮೋಟಾರಿನ ಜೊತೆಗೇ ಬಂದ, ಹಸನಸಾಬನ ಬಳಿಯಿದ್ದ ಸಾಮಾನಿನ ಪೆಟ್ಟಿಗೆ ತೆರೆಸಿದೆ. ಉಳಿದ ಬಿಡಿಭಾಗಗಳಿಗೆ ಅದರಲ್ಲಿ ಒಂದೊಂದೇ ಗೂಡು. ಆ ಪಿನ್ನಿಗೆ ಮಾತ್ರ ಇಡೀ ಒಂದು ತಗಡಿನ ಡಬ್ಬಿ, ಮುಚ್ಚಳದ ಮೇಲೆ ಪಿನ್ನಿನ ಚಿತ್ರ. ಆ ಖಾಲಿ ಡಬ್ಬಿಯನ್ನು ಕೈಯಲ್ಲಿ ತಿರುವಿ ನೋಡಿದೆ. ಮುರಿಯದ ಸಾಮಾನನ್ನು ಯಾರಾದರೂ ಡಬ್ಬಿ ತುಂಬ ಕೊಡುತ್ತಾರೆಯೇ? ಅದು ಮುರಿಯಲೆಂದೇ ಮಾಡಿದ ಪಿನ್ನು. ಪಂಖ ಕಲ್ಲಿಗೆ ಬಡಿದಾಗ ಆ ಪೆಟ್ಟನ್ನು ಪಿನ್ನು ತಿಂದು ಮುರಿಯಬೇಕು, ಒಳಗಿನ ಹಲ್ಲು ಉಳಿಯಬೇಕು. ಉಕ್ಕಿನ ಪಿನ್ನು ಮುರಿಯಲಿಲ್ಲ. ಪೆಟ್ಟು ನೆಟ್ಟಗೆ ಹಲ್ಲಿಗೆ ಹೋಯಿತು.

ಚಕ್ರವನ್ನು ಚೀಲದಲ್ಲಿ ಹಾಕಿಕೊಂಡು ಇಬ್ಬರೂ ಆಡೂರಿಗೆ ನಡೆದೆವು. ಕಮ್ಮಾರ ಮಾನಪ್ಪ ಕಾಕಾ ನನ್ನ ತಂದೆಯ ಓರಗೆಯವರು. ಅವರು ಕಟ್ಟಿದ ಗಾಲಿಯ ಹಳಿ ಸಡಿಲವಾದದ್ದನ್ನು ನಾನು ಕಂಡಿಲ್ಲ. ಅವರದು ಆಯದ ಕಸಬು. ಸುಗ್ಗಿಯಲ್ಲಿ ರೈತರು ಕಣದಿಂದ ಜೋಳ ಅಳೆದು ಕೊಡುತ್ತಾರೆ, ಅದಕ್ಕೆ ಪ್ರತಿಯಾಗಿ ವರ್ಷವಿಡೀ ಅವರ ಕುಳ, ಕುಡಗೋಲುಗಳನ್ನು ಕಮ್ಮಾರ ನೋಡಿಕೊಳ್ಳಬೇಕು. ಮಾಡಿಕೊಟ್ಟದ್ದು ಮುರಿದರೆ ಮತ್ತೆ ಮಾಡಿಕೊಡಬೇಕು, ಹೊಸ ಜೋಳ ಇಲ್ಲ. ಮುರಿದ ಕುಳ ಕುಲುಮೆಯ ಮುಂದೆ ಬಂದು ಬಿದ್ದರೆ ಇಡೀ ಊರು ನೋಡುತ್ತದೆ. ಅಂಥ ಕಸಬಿನಲ್ಲಿ ಕೂದಲು ನರೆತವರು ಅವರು.

"ಏನು ತಮ್ಮಾ, ಪಿನ್ನು ಮುರೀತೇನು?" ನಮ್ಮನ್ನು ನೋಡಿದ್ದೇ ಕೇಳಿದರು.

"ಇಲ್ರಿ ಕಾಕಾ. ಪಿನ್ನು ಗಟ್ಟಿ ಐತಿ."

"ಮತ್ತ! ಮಾನಪ್ಪನ ಕೈಯಾಂದು. ಮುರಿಯೂದಂದ್ರೇನು!"

"ಪಿನ್ನು ಉಳೀತ್ರಿ, ಮೋಟಾರಿನ ಹಲ್ಲು ಉದುರಿದುವು," ಎಂದು ಚಕ್ರವನ್ನು ಮುಂದಿಟ್ಟೆ.

ಅವರು ಅದನ್ನು ತಿರುವಿ ನೋಡಿದರು. "ಹಲ್ಲು ಮಾಡಿದವ ಸುಮಾರು ಇದ್ದಾನ," ಎಂದು ತೀರ್ಪು ಕೊಟ್ಟರು.

ಹಲ್ಲು ಕೂಡಿಸುವ ಕೆಲಸಕ್ಕೆ ಅವರು ತಕ್ಷಣ ಒಪ್ಪಿದರು. ಬಿಳಿಗಾರ ಹಾಕಿ, ಮುರಿದ ಜಾಗದಲ್ಲಿ ಹಿತ್ತಾಳೆ ಕರಗಿಸಿ ಗುಡ್ಡೆ ಕಟ್ಟಿ ಬೆಸೆದರು. ಉಳಿದ ಹಲ್ಲಿನ ಅಳತೆಗೆ ತಗಡು ಕತ್ತರಿಸಿಕೊಂಡು ನಾನು ಆ ಗುಡ್ಡೆಯನ್ನು ಅರದಿಂದ ತಿಕ್ಕಿ ತಿಕ್ಕಿ ಹಲ್ಲಿನ ರೂಪಕ್ಕೆ ತಂದೆ. ಅಂಥ ಕೆಲಸ ಇಂದು ಯಾರೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಆದರೆ ಮಾಡಿದವನ ಬೆರಳಿಗೆ ಯಂತ್ರ ಬೇರೆ ರೀತಿ ತಿಳಿಯುತ್ತದೆ. ಜಗಳವಾದದ್ದು ಪಿನ್ನಿನ ವಿಷಯಕ್ಕೆ.

"ಇನ್ನ ಹಿತ್ತಾಳಿದೊಂದಿಷ್ಟು ಪಿನ್ನು ಬೇಕ್ರಿ ಕಾಕಾ. ಕಲ್ಲಿಗೆ ಬಡದ್ರ ಮುರೀಬೇಕು, ಅಂಥಾದ್ದು."

ಕಾಕಾ ತಿದಿ ಒತ್ತುವುದನ್ನು ನಿಲ್ಲಿಸಿದರು. "ಏನಂದಿ?"

"ಮುರೀಬೇಕ್ರಿ."

"ಗಾಲಿಗೆ ಕಡಾಣಿ ಹಾಕ್ತೀವಿ, ಯಾಕ? ಗಾಲಿ ಕಳಚಬಾರ್ದು ಅಂತ. ಕಡಾಣಿ ಮುರೀಲಿ ಅಂತ ಯಾವನರ ಬೇಡ್ತಾನೇನು? ಬಿಸಲಾಗ ನಡದು ಬಂದು ತಲಿ ಕಾದೈತಿ ನಿಂದು. ನೀರ ಕುಡಿ."

"ಇದು ಕಡಾಣಿ ಅಲ್ರಿ ಕಾಕಾ. ಎತ್ತು ಮುಗ್ಗರಿಸಿ ಬಿದ್ರ ಕೊರಳಿನ ಜತ್ತಗಿ ಹರೀಬೇಕೋ, ಎತ್ತಿನ ಕುತ್ತಗಿ ಮುರೀಬೇಕೋ?"

"ಜತ್ತಗಿ ತೊಗಲಿಂದು, ಹರೀತೈತಿ. ಲೋಹ ಯಾಕ ಹರೀಬೇಕು? ಮುರಿಯೂ ಸಾಮಾನು ಮಾಡಿಕೊಟ್ಟ ಮಾನಪ್ಪ ಅಂದ್ರ ನಾಳೆ ಕಣದಾಗ ಯಾವ ಮುಖಾ ಇಟಗೊಂಡು ನಿಂದರ್ಲಿ? ನನ್ನ ಕೈಲೆ ಆಗೂದಿಲ್ಲ. ಹೋಗ್ರಿ."

ನನ್ನ ಮಾತಿಗೆಲ್ಲ ಅವರ ಹತ್ತಿರ ಮರುಮಾತಿತ್ತು. ಅಲ್ಲಿಯವರೆಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಹಸನಸಾಬ ಎದ್ದ. "ಕಾಕಾ, ನಾನ ಬಂದು ಗಟ್ಟೀದು ಬೇಡಿದೆ. ನೀವು ಗಟ್ಟೀದ ಕೊಟ್ರಿ. ನಿಮ್ಮದೇನೂ ತಪ್ಪಿಲ್ಲ. ಆದ್ರ ಆ ಪಿನ್ನು ಉಳದ್ರ ನನ್ನ ನೌಕ್ರಿ ಉಳಿಯೂದಿಲ್ರಿ. ದೊಡ್ಡ ಸಾಹೇಬ್ರು ಬರಾಕತ್ತಾರ. ಮತ್ತೊಮ್ಮೆ ಹಲ್ಲು ಹೋದ್ರ ದೋಣಿ ಲಿಲಾವು, ನಾ ಮುಂಬೈಗೆ."

ಕಾಕಾ ಒಳಗೆ ಹೋಗಿ ಹಿಡಿ ಸಡಿಲವಾದ ಒಂದು ಹಿತ್ತಾಳೆ ಸೌಟು ತಂದರು. "ನಮ್ಮ ಮುದಿಕಿ ಕೇಳಿದ್ರ ಹಸನಸಾಬ ಒಯ್ದಾ ಅಂತೇನಿ," ಎಂದು ಆ ಹಿಡಿಯನ್ನು ಬೆಂಕಿಗಿಟ್ಟರು.

ಮೆತ್ತಗೆ ಮಾಡುವುದು ಗಟ್ಟಿ ಮಾಡುವುದಕ್ಕಿಂತ ಕಷ್ಟ ಎಂದು ಅಂದು ಕಂಡೆ. ಬಹಳ ಮೆತ್ತಗಾದರೆ ಪಾಚಿ ಸುತ್ತಿಕೊಂಡರೂ ಮುರಿಯುತ್ತದೆ. ಗಟ್ಟಿಯಾದರೆ ಮತ್ತೆ ಅದೇ ಕಥೆ. ಹಳೆಯ ಪಿನ್ನಿನ ಅರ್ಧ ತುಂಡೊಂದು ಹಸನಸಾಬನ ಪೆಟ್ಟಿಗೆಯ ಮೂಲೆಯಲ್ಲಿ ಸಿಕ್ಕಿತ್ತು. ಅದನ್ನೂ ಕಾಕಾ ಮಾಡಿದ್ದನ್ನೂ ಪಕ್ಕಪಕ್ಕ ಹಿಡಿಸಿ, ಒಂದೇ ಸುತ್ತಿಗೆಯಿಂದ ಒಂದೇ ಬಲದಲ್ಲಿ ಹೊಡೆದು ನೋಡುತ್ತಿದ್ದೆ. ಕಾಕಾನ ಮೊದಲನೆಯದು ಬಾಗಲೂ ಇಲ್ಲ. ಕೈಯ ಅಭ್ಯಾಸ, ಏನು ಮಾಡುವುದು! ಬೈದುಕೊಳ್ಳುತ್ತಲೇ ಮತ್ತೆ ಕಾಯಿಸಿ, ತೆಳುವಾಗಿ ಎಳೆದು, ಕೊನೆಗೆ ಹಳೆಯದಕ್ಕೆ ಸರಿಸಮ ಮುರಿಯುವಂಥದನ್ನು ಮಾಡಿಕೊಟ್ಟರು. ಹದ ಸಿಕ್ಕಿದ್ದೇ ಹಟದಿಂದ ಒಂದು ಹಿಡಿ ಪಿನ್ನು ಮಾಡಿದರು. ಒಂದು ಷರತ್ತು ಹಾಕಿದರು. "ಮಾನಪ್ಪ ಮಾಡಿದ್ದು ಅಂತ ಯಾರ ಮುಂದೂ ಬಾಯಿ ಬಿಡಬಾರ್ದು."

ತಪಾಸಣೆಯ ದಿನ ಬೆಳಿಗ್ಗೆಯೇ ಗಾಳಿ ಎದ್ದಿತ್ತು. ಎಂಜಿನಿಯರ್ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ದೋಣಿ ಹತ್ತಿದರು. ಔಡಲೆಣ್ಣೆಯ ಪ್ರಭಾವ. ರಾಯರು ಅವರ ಪಕ್ಕದಲ್ಲಿ, ನಾನು ಮುಂದೆ ಗಳ ಹಿಡಿದು, ಹಿಂದೆ ಮೋಟಾರಿನ ಹತ್ತಿರ ಹಸನಸಾಬ. ಏರಿಯ ಮೇಲೆ ಊರವರ ನಡುವೆ ಮಾನಪ್ಪ ಕಾಕಾನ ಕೆಂಪು ರುಮಾಲು ಕಂಡಿತು. ಯಾರಿಗೂ ಹೇಳಬೇಡ ಎಂದವರು ತಾವೇ ನೋಡಲು ಬಂದಿದ್ದರು.

ಹೋಗುವಾಗ ಮೋಟಾರು ಗುಣಗುಟ್ಟುತ್ತ ಚೆಂದವಾಗಿ ಓಡಿತು. ಸಾಹೇಬರು ತೂಬು ನೋಡಿದರು, ಕಲ್ಲು ಮುಟ್ಟಿದರು, ರಾಯರು ಬರೆದುಕೊಂಡರು. ತಿರುಗಿ ಹೊರಟಾಗ ಆದದ್ದು. ಆ ಬೇಸಿಗೆಯಲ್ಲಿ ನೀರು ಬಹಳ ಇಳಿದಿತ್ತು. ತೂಬಿನಿಂದ ಕಳಚಿ ಬಿದ್ದ ಹಳೆಯ ಚಪ್ಪಡಿಯೊಂದು ನೀರಿನ ಕೆಳಗೆ ಹೊಂಚಿಕೊಂಡಿತ್ತು. ಪಂಖ ಅದಕ್ಕೆ ಬಡಿಯಿತು. ಮೋಟಾರು ಹುಚ್ಚು ಹಿಡಿದಂತೆ ಒದರಿತು. ದೋಣಿ ಒಂದು ಗೇಣೂ ಮುಂದೆ ಹೋಗಲಿಲ್ಲ.

"ಮುಗೀತು," ಎಂದು ರಾಯರು ಹಣೆಗೆ ಕೈ ಹಚ್ಚಿದರು. "ನಾ ಮೊದ್ಲ ಹೇಳಿದ್ದಿಲ್ಲೇನು ಸಾಹೇಬ್ರ, ಈ ಪೀಡಾ ಹಿಂಗ ಅಂತ?"

ಗಾಳಿ ನಮ್ಮನ್ನು ತೂಬಿನ ಕಲ್ಲುಗಳ ಕಡೆ ದೂಡುತ್ತಿತ್ತು. ನಾನು ಗಳವನ್ನು ಕಲ್ಲಿಗೆ ಕೊಟ್ಟು ಎದೆಯಿಂದ ಒತ್ತಿ ನಿಂತೆ. ಹಸನಸಾಬ ಮೋಟಾರು ಆರಿಸಿ, ಮೇಲಕ್ಕೆ ಮಗುಚಿ, ಎರಡು ಪಿನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರಿನ ಮೇಲೆ ಬಗ್ಗಿದ. ದೋಣಿ ಹೊಯ್ದಾಡಿ ಅವನ ಕಾಲು ಜಾರಿತು. ಎಂಜಿನಿಯರ್ ಸಾಹೇಬರು ಟೊಪ್ಪಿಗೆ ತೆಗೆದು ಬದಿಗಿಟ್ಟು, ಮುಂದೆ ಬಂದು ಅವನ ಸೊಂಟದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದರು.

"ಪಿನ್ನು ಹೋತೇನು?" ಎಂದರು.

ಬಾಯಲ್ಲಿ ಪಿನ್ನು ಇದ್ದುದರಿಂದ ಹಸನಸಾಬ "ಹೂಂ" ಎಂದಷ್ಟೇ ಅಂದ.

"ಛಲೋ ಆತು. ಅದಾದ್ರ ಚಿಂತಿಲ್ಲ. ರಾಯರ, ನೀವೂ ಒಂದು ಕೈ ಹಚ್ಚರಿ, ಈ ಮನಶ್ಯಾ ಭಾಳ ವಜ್ಜಾ ಇದ್ದಾನ."

ರಾಯರು ಪುಸ್ತಕ ಕೆಳಗಿಟ್ಟು ಹಸನಸಾಬನ ಒಂದು ಕಾಲು ಹಿಡಿದರು. ನಾನು ಗಳ ಒತ್ತಿಕೊಂಡೇ ಆ ದೃಶ್ಯ ನೋಡುತ್ತ ನಗು ತಡೆಯಲು ತುಟಿ ಕಚ್ಚಿಕೊಂಡೆ. ಮುರಿದ ತುಂಡುಗಳು ನೀರಿಗೆ ಬಿದ್ದವು, ಹೊಸ ಪಿನ್ನು ಕೂತಿತು. ಹಸನಸಾಬ ಎದ್ದು ಹಗ್ಗ ಎಳೆದ. ಮೋಟಾರು ಹಿಡಿಯಿತು, ದೋಣಿ ಎದುರುಗಾಳಿಗೆ ಮೂಗು ಕೊಟ್ಟು ಹೊರಟಿತು.

ದಂಡೆಗೆ ತಗುಲುವ ಮೊದಲೇ ಕಾಕಾ ಮೊಣಕಾಲುದ್ದ ನೀರಿಗೆ ಇಳಿದಿದ್ದರು. ಆ ಒದರಾಟ ಏರಿಯತನಕ ಕೇಳಿಸಿತ್ತು.

"ಸಾಹೇಬ್ರ, ಇದರಾಗ ಹಸನಸಾಬಂದೇನೂ ತಪ್ಪಿಲ್ರಿ," ಎಂದು ಊರೆಲ್ಲ ಕೇಳುವಂತೆ ಶುರುಮಾಡಿದರು. "ಪಿನ್ನು ಮಾಡಿದವ ನಾನ. ಮೆತ್ತಗ ಮಾಡ್ರಿ ಅಂತ ಈ ಮಲ್ಲೇಶಿ ಗಂಟ ಬಿದ್ದಾ. ನಂಗ ಗಟ್ಟೀದು ಮಾಡಾಕ ಬರತೈತ್ರಿ."

"ನೀವ ಮಾಡಿದ್ರೇನು? ಬರೋಬ್ಬರಿ ಮಾಡೀರಿ ಯಜಮಾನ್ರ," ಎಂದರು ಸಾಹೇಬರು. "ಮುಂಬೈದಾಗ ಸಿಗವಲ್ವು. ಇನ್ನೂ ಅದಾವೇನು?"

ಹೊಗಳಿಕೆಯನ್ನು ನಂಬುವವರಲ್ಲ ಕಾಕಾ. ಅಲ್ಲೇ ಮೋಟಾರಿನ ಹಲ್ಲಿನ ಡಬ್ಬಿ ಬಿಚ್ಚಲೇಬೇಕೆಂದು ಹಟ ಹಿಡಿದರು. ಸಾಹೇಬರೂ ಇರಲಿ ನೋಡೋಣ ಎಂದು ನಿಂತರು. ಬಿಚ್ಚಿದೆ. ಕಾಕಾ ಗ್ರೀಸು ಒರೆಸಿ ಒಂದೊಂದೇ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. ಬೆಸೆದ ಎರಡು ಹಲ್ಲಿನ ಮೇಲೆ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಒಂದಕ್ಕೂ ಏಟು ತಾಗಿರಲಿಲ್ಲ.

"ಹಸನಸಾಬ," ಎಂದರು, "ನಾಳೆ ಕುಲುಮಿ ಕಡೆ ಬಾ. ಇನ್ನೊಂದು ಹಿಡಿ ಪಿನ್ನು ಮಾಡಿಡತೇನಿ. ಮುದಿಕಿ ಕಡೆ ಇನ್ನೊಂದು ಸೌಟು ಐತಿ."

ಸಾಹೇಬರು ತಮ್ಮ ಕಾರಿನ ಕಡೆ ಹೊರಟರು. ಹೋಗುವಾಗ ರಾಯರಿಗೆ, ದೋಣಿ ಇಟ್ಟುಕೊಳ್ಳಿ, ತೂಬಿನ ಹತ್ತಿರದ ಆ ಚಪ್ಪಡಿ ಮಾತ್ರ ಮಳೆಗಿಂತ ಮೊದಲು ಎತ್ತಿಸಿಬಿಡಿ ಎಂದರು. ಅಷ್ಟೇ ಮಾತು. ರಾಯರು ಹೂಂ ಎಂದು ಬರೆದುಕೊಂಡರು. ಬರೆದು ಮುಗಿಸಿ ತಲೆ ಎತ್ತಿದರೆ ಎದುರಿಗೆ ಹಸನಸಾಬ, ಒದ್ದೆ ಬಟ್ಟೆಯಲ್ಲಿ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದ.

"ಇನ್ನೇನಪಾ?"

"ದೋಣಿ ತಳಕ್ಕ ಡಾಂಬರ ಹಚ್ಚಬೇಕ್ರಿ ರಾಯರ. ಮಳಿ ಹತ್ತಿದ ಮ್ಯಾಲೆ ಆಗೂದಿಲ್ಲ. ಒಂದು ಡಬ್ಬಿ ತರಸ್ರಿ, ದೊಡ್ಡದು. ಮುಂದಿನ ವರ್ಷಕ್ಕೂ ಆಗತೈತಿ."

ರಾಯರು ಅವನ ಮುಖ ನೋಡಿದರು, ದೋಣಿ ನೋಡಿದರು. ಆಮೇಲೆ ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದರು.

"ದೊಡ್ಡದು ಅಂದ್ಯಲ್ಲ?" ಎಂದು ಕೇಳಿ, ಬರೆದುಕೊಂಡರು.